ಎರಡು ಒಲೆಯ ಮನೆ

ನಮ್ಮ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಸೂರಿನ ನಡುವೆ ಒಂದು ಗಾಜಿನ ಹೆಂಚು ಮಾತ್ರ ಇತ್ತು. ಹೊತ್ತು ನೆತ್ತಿಗೆ ಬಂದಾಗ ಅದರೊಳಗಿಂದ ಇಳಿದ ಬಿಸಿಲು ನೆಲದ ಮೇಲೆ ಅಂಗೈಯಷ್ಟು ಜಾಗ ಬೆಳಗುತ್ತಿತ್ತು. ಆ ಬೆಳಕು ಒಲೆಯ ಕಟ್ಟೆಗೆ ತಾಕಿತು ಅಂದರೆ ಅಜ್ಜಿ ಎಸರಿಗೆ ಇಡುತ್ತಿದ್ದಳು. ನಡುಮನೆಯಲ್ಲಿ ಗಡಿಯಾರ ಇದ್ದರೂ ಅವಳು ಅದನ್ನು ನೋಡಿದ್ದು ನಾನು ಕಾಣೆ. ಮೂಲೆಯಲ್ಲಿ ನನಗಿಂತ ಎತ್ತರದ ಮಣ್ಣಿನ ವಾಡೆ, ಅದರ ತುಂಬ ರಾಗಿ. ವಾಡೆಯ ಬುಡದಲ್ಲಿ ಒಂದು ತೂತು, ಅದಕ್ಕೆ ಹಳೇ ಸೀರೆಯ ಬಟ್ಟೆ ತುರುಕಿರುತ್ತಿದ್ದರು. ಬಟ್ಟೆ ಎಳೆದು ಮೊರ ಒಡ್ಡಿದರೆ ರಾಗಿ ತಾನಾಗಿ ಸುರಿಯುತ್ತಿತ್ತು. ಅದು ನನ್ನ ಕೆಲಸ. ಕೇರಿ ಕಲ್ಲು ಆರಿಸುವುದು ಅಜ್ಜಿಯ ಕೆಲಸ, ಪಕ್ಕದೂರಿನ ಮಿಲ್ಲಿಗೆ ಹೊತ್ತು ಬೀಸಿಸಿಕೊಂಡು ಬರುವುದು ಅವ್ವನ ಕೆಲಸ. ಹಿಟ್ಟು ಬಂದ ತಕ್ಷಣ ಅಜ್ಜಿ ಅದರೊಳಗೆ ಮೊಣಕೈವರೆಗೆ ಕೈ ಇಳಿಸಿ ಬಿಸಿ ನೋಡುತ್ತಿದ್ದಳು. ಬಿಸಿ ಜಾಸ್ತಿ ಇದ್ದರೆ ಮಿಲ್ಲಿನವನನ್ನು ಬಯ್ಯುತ್ತಿದ್ದಳು. ಬಯ್ಗುಳ ಕೇಳಿಸಿಕೊಳ್ಳಲು ಅಲ್ಲಿ ಇರುತ್ತಿದ್ದವಳು ಅವ್ವ ಮಾತ್ರ.

ಅಜ್ಜಿ ಅಂದರೆ ಅಪ್ಪನ ತಾಯಿ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಹುಟ್ಟಿದವಳು, ರಾಗಿಯ ಊರವಳು. ಅವ್ವ ಚನ್ನಪಟ್ಟಣದ ಕಡೆಯವಳು, ಅವಳ ತವರಿನವರಿಗೆ ಕೆರೆ ಕೆಳಗೆ ಗದ್ದೆ ಇತ್ತು. ಅಲ್ಲಿ ದಿನಾ ಅನ್ನ ಉಣ್ಣುತ್ತಾರೆ ಎಂಬುದು ನಮ್ಮ ಮನೆಯಲ್ಲಿ ಒಂದು ಆರೋಪದ ಹಾಗೆ ಬಾಳಿತ್ತು. ಅವ್ವ ಮುದ್ದೆ ಕಟ್ಟಿದ ದಿನ ಅಜ್ಜಿ ಅದರ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದಳು. ಚೆನ್ನಾಗಿದ್ದರೆ ಮಾತಾಡುತ್ತಿರಲಿಲ್ಲ. ಕೊಂಚ ಸಡಿಲಾಗಿದ್ದರೆ, “ಅನ್ನದ ಸೀಮೆಯೋಳು ಕಟ್ಟಿರೋದು, ನೋಡ್ಕೊಂಡ್ ಉಣ್ಣಪ್ಪ” ಎಂದು ಮಗನಿಗೆ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದ, ಅವ್ವ ನಗುತ್ತಿರಲಿಲ್ಲ. ಇದೆಲ್ಲ ಆಗಿನ ಮಾತು, ಮನೆಯಲ್ಲಿ ಜಗಳವೂ ಒಂದು ಥರದ ಸದ್ದಾಗಿದ್ದ ಕಾಲದ್ದು.

ಅಪ್ಪ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಕಾಂಟ್ರಾಕ್ಟ್ ಮೇಲೆ ಹೋಗುತ್ತಿದ್ದ. ನಮ್ಮ ಹೊಲದಲ್ಲಿ ಅರ್ಧ ರಾಗಿ, ಅರ್ಧ ಹಿಪ್ಪುನೇರಳೆ. ನಡುಮನೆಯ ಮುಕ್ಕಾಲು ಭಾಗ ರೇಷ್ಮೆ ಹುಳದ ತಟ್ಟೆಗಳಿಗೆ, ಉಳಿದ ಕಾಲು ಭಾಗ ನಮಗೆ. ಹುಳ ನೋಡಿಕೊಳ್ಳುವುದು ಹೆಂಗಸರು, ಅಪ್ಪನದು ಶಿಫ್ಟು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನ ಸಾಂಬಾರು ಕೊಡುತ್ತಿದ್ದರು. ಅದು ಅಪ್ಪನಿಗೆ ಸಾಲುತ್ತಿರಲಿಲ್ಲ.

“ಅನ್ನ ಉಂಡು ಮಿಷನ್ ಮುಂದೆ ನಿಂತ್ರೆ ಒಂದು ಗಂಟೆಗೇ ಹೊಟ್ಟೆ ಖಾಲಿ ಆಯ್ತದೆ. ಹಿಟ್ಟು ಉಂಡ್ರೆ ಶಿಫ್ಟ್ ಮುಗಿಯೋಗಂಟ ನಿಲ್ತದೆ” ಅನ್ನುತ್ತಿದ್ದ.

ಹಾಗಾಗಿ ಎರಡನೇ ಶಿಫ್ಟ್ ಇದ್ದ ವಾರ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಮುದ್ದೆ ತಯಾರಿರಬೇಕು. ಉಂಡು, ಮೊಪೆಡ್ ಹತ್ತಿ, ಹೆದ್ದಾರಿಯ ಕ್ರಾಸಿನಲ್ಲಿ ಅದನ್ನು ನಿಲ್ಲಿಸಿ, ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದ.

ನಾನು ಹನ್ನೊಂದು ವರ್ಷದವಳಿದ್ದಾಗ ಒಂದು ಭಾನುವಾರ ಅಜ್ಜಿ ಕಲ್ಯಕ್ಕೆ ಹೋಗಿದ್ದಳು, ಅವಳ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ. ಅಪ್ಪನಿಗೆ ಅವತ್ತೂ ಎರಡನೇ ಶಿಫ್ಟು. ಮನೆಯಲ್ಲಿ ಹುಳ ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಆಗ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿರುವುದಿಲ್ಲ. ಅವ್ವ ಬೆಳಗಿನಿಂದ ತೋಟಕ್ಕೂ ಮನೆಗೂ ಹೊರೆ ಹೊರುತ್ತಿದ್ದಳು. ಹನ್ನೊಂದೂವರೆಗೆ ಮತ್ತೆ ಕುಡುಗೋಲು ಹಿಡಿದು ಹೊರಟವಳು ಹೊಸಲಲ್ಲಿ ನಿಂತು ನನಗೆ ಹೇಳಿದಳು.

“ಎಸರಿಗಿಟ್ಟಿರು. ಅದು ಕುದಿಯೋ ಹೊತ್ಗೆ ಬಂದ್ಬುಡ್ತೀನಿ. ನೀನು ಹಿಟ್ಟು ಹಾಕ್ಬ್ಯಾಡ, ತಿಳೀತಾ?”

ತಿಳಿಯಿತು ಎಂದೆ. ಎಸರಿಟ್ಟೆ. ನೀರು ಕುದಿಯಿತು. ಅವ್ವ ಬರಲಿಲ್ಲ. ಹಿತ್ತಲಲ್ಲಿ ಅಪ್ಪ ಸ್ನಾನ ಮಾಡುತ್ತಿದ್ದ, ಚೊಂಬಿನ ಸದ್ದು ಕೇಳುತ್ತಿತ್ತು. ಅಜ್ಜಿ ಮಾಡುವುದನ್ನು ಸಾವಿರ ಸಲ ನೋಡಿದ್ದೆ. ಕುದಿಯುವ ನೀರಿನ ನಡುವೆ ಹಿಟ್ಟು ಗುಡ್ಡೆಯಾಗಿ ಸುರಿದು, ಮುದ್ದೆ ಕೋಲು ನೆಟ್ಟಗೆ ಚುಚ್ಚಿ ತೂತು ಮಾಡಿ, ಹಿಟ್ಟು ಬೇಯುವವರೆಗೆ ಮುಟ್ಟದೆ ಬಿಡಬೇಕು. ಆಮೇಲೆ ಪಾತ್ರೆ ಕೆಳಗಿಳಿಸಿ, ಕವೆ ಕೋಲಿನಲ್ಲಿ ಅದನ್ನು ಸಿಕ್ಕಿಸಿ, ಕವೆಯ ಎರಡು ತುದಿಯನ್ನೂ ಪಾದದಿಂದ ಒತ್ತಿ ಹಿಡಿದು ಮುದ್ದೆ ಕೋಲಿನಿಂದ ತಿರುವಬೇಕು. ಎಲ್ಲ ಗೊತ್ತಿತ್ತು. ಮುಟ್ಟದೆ ಬಿಡುವುದು ಎಷ್ಟು ಹೊತ್ತು ಅನ್ನುವುದು ಗೊತ್ತಿರಲಿಲ್ಲ. ಅಪ್ಪ ಮೈ ಒರೆಸಿಕೊಂಡು ಒಳಗೆ ಬರುವ ಮೊದಲೇ ಆಗಬೇಕು, ಇದು ಯಾರು ಮಾಡಿದ್ದು ಅಂತ ಅವನು ಕೇಳಬೇಕು ಎಂಬ ಆಸೆಯಲ್ಲಿ ಬೇಗ ಇಳಿಸಿದೆ. ಕೋಲು ನನ್ನ ಎದೆಮಟ್ಟ ಇತ್ತು. ಪಾತ್ರೆ ಎರಡು ಸಲ ಜಾರಿತು, ಎಡಗಾಲಿನ ಹೆಬ್ಬೆರಳು ಸುಟ್ಟಿತು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದೆ. ಹೊರಗಿನಿಂದ ಅದು ಅಜ್ಜಿ ಕಟ್ಟಿದ ಹಾಗೇ ಮಿರಮಿರ ಮಿಂಚುತ್ತಿತ್ತು.

ಅಪ್ಪ ಕೂತ. ಸೊಪ್ಪಿನ ಸಾರಿನಲ್ಲಿ ಒಂದು ತುತ್ತು ಅದ್ದಿ ನುಂಗಿದ. ಎರಡನೇ ತುತ್ತಿಗೆ ಕೆಮ್ಮಿದ. ಮುದ್ದೆ ಅಗಿಯುವ ಪದಾರ್ಥವಲ್ಲ, ನೇರ ಗಂಟಲಿಗೆ ಇಳಿಯುವುದು. ಒಳಗಿದ್ದ ಒಣ ಹಿಟ್ಟು ಅಲ್ಲಿ ಒಡೆದಿತ್ತು. ನೀರು ಕುಡಿದ, ಕಣ್ಣು ಒರೆಸಿಕೊಂಡ, ಉಳಿದಿದ್ದನ್ನು ಬಿಡಿಸಿ ನೋಡಿದ. ಗಂಟು, ಬರೀ ಗಂಟು.

“ಮುದ್ದೆ ಒಳಗೆ ಮರಿ ಮುದ್ದೆ ಇಟ್ಟಿದ್ದೀಯಲ್ಲ ಮಗ” ಎಂದು ನಕ್ಕ.

ಅಷ್ಟರಲ್ಲಿ ಅವ್ವ ಸೊಪ್ಪಿನ ಹೊರೆ ಜಗಲಿಗೆ ಎಸೆದು ಓಡಿಬಂದಳು. ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

“ಒಂದ್ ಹತ್ತು ನಿಮಿಷ ಕೂತಿರಿ, ಬ್ಯಾರೆ ತಿರುವ್ತೀನಿ.”

“ಬಸ್ ಹೊಂಟೋಯ್ತದೆ ಕಣೆ. ಕ್ರಾಸ್‌ನಾಗೆ ಹೋಟ್ಲಲ್ಲಿ ಉಂಡ್ಕೊಂಡ್ ಓಯ್ತೀನಿ ಬುಡು” ಎಂದು ಅಪ್ಪ ತಟ್ಟೆಯ ಪಕ್ಕಕ್ಕೆ ಕೈ ಚಾಚಿ ತೊಳೆದುಕೊಂಡ. ಎದ್ದು ಅಂಗಿ ಹಾಕಿಕೊಳ್ಳುತ್ತ ನನ್ನ ಕಡೆ ತಿರುಗಿ, “ನಾಳೆ ಇನ್ನೊಂದ್ ಕಿತ ಮಾಡು ಮಗ. ಬತ್ತದೆ” ಎಂದ.

ಕ್ರಾಸಿನಲ್ಲಿ ಬಸ್ಸು ನಿಲ್ಲುವುದು ಈಚೆ ಬದಿಗೆ. ಹೋಟೆಲು ಆಚೆ ಬದಿಗೆ. ಅಪ್ಪ ಮೊಪೆಡ್ ಈಚೆ ನಿಲ್ಲಿಸಿ ರಸ್ತೆ ದಾಟುತ್ತಿದ್ದಾಗ ಲಾರಿ ಬಂತು. ಸುದ್ದಿ ತಂದವನು ಚಿಕ್ಕಪ್ಪ. ಅವನು ಅಂಗಳದಲ್ಲಿ ನಿಂತು ಬಾಯಿ ತೆರೆದದ್ದು, ಅವ್ವನ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿ ನೆಲಕ್ಕೆ ಬಿದ್ದದ್ದು ನೆನಪಿದೆ. ಅವನು ಏನು ಹೇಳಿದ ಅನ್ನುವುದು ನೆನಪಿಲ್ಲ. ಮನೆ ತುಂಬ ಜನ ಸೇರಿದರು. ಹೆಂಗಸರು ಅವ್ವನನ್ನು ಹಿಡಿದುಕೊಂಡು ಅಳುತ್ತಿದ್ದರು. ಹುಳಗಳಿಗೆ ಸೊಪ್ಪು ಹಾಕುವ ಹೊತ್ತು ಮೀರಿತ್ತು. ಅವು ತಲೆ ಎತ್ತಿ ಆಡಿಸುತ್ತಿದ್ದವು. ನಾನು ಬಿದ್ದಿದ್ದ ಸೊಪ್ಪನ್ನು ಆರಿಸಿಕೊಂಡು ತಟ್ಟೆ ತಟ್ಟೆಗೂ ಹರಡಿದೆ, ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗೆ. ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಅಪ್ಪನನ್ನು ತಂದು ಅಂಗಳದಲ್ಲಿ ಮಲಗಿಸಿದಾಗಲೂ ಬರಲಿಲ್ಲ. “ಗಟ್ಟಿ ಹುಡುಗಿ ಕಣಪ್ಪ ಇವ್ಳು” ಎಂದು ಯಾರೋ ಅಂದರು. ಆ ಮಾತು ಊರಲ್ಲಿ ಉಳಿದುಕೊಂಡಿತು.

ಅಜ್ಜಿ ಸಂಜೆಗೆ ಬಂದಳು. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಅಡಿಗೆಮನೆಗೆ ಹೋದಳು. ಅಲ್ಲಿವರೆಗೂ ನಮ್ಮ ಒಲೆ ಹಚ್ಚಿರಲಿಲ್ಲ, ನೆಂಟರು ತಂದುಕೊಟ್ಟದ್ದನ್ನು ಉಂಡಿದ್ದೆವು. ಮೂಲೆಯಲ್ಲಿ ಆ ತಟ್ಟೆ ಹಾಗೇ ಇತ್ತು. ಮುದ್ದೆ ಒಣಗಿ ಬಿರಿದಿತ್ತು. ಅಜ್ಜಿ ಅದನ್ನು ಎತ್ತಿಕೊಂಡು ಗಾಜಿನ ಹೆಂಚಿನ ಬೆಳಕಿಗೆ ಹಿಡಿದು ಮುರಿದಳು. ಒಳಗಿನಿಂದ ಹಿಟ್ಟು ಉದುರಿತು.

“ಯಾರೇ ತಿರುವಿದ್ದು ಇದ್ನ?”

ಅವ್ವ ಬಾಗಿಲಲ್ಲಿದ್ದಳು. ನಾನು ವಾಡೆಯ ಪಕ್ಕದಲ್ಲಿದ್ದೆ.

“ನಾನೇ ಅತ್ತೆ.”

“ಗಂಟು ಹಿಟ್ಟು ಇಕ್ಕಿ ಕಳಿಸ್ದಾ ನನ್ ಮಗನ್ನ? ಹಸ್ಕೊಂಡ್ ಓದ್ನಾ ಅವ್ನು?”

“ಹುಳಕ್ಕೆ ಸೊಪ್ಪು ತರೋ ಅವಸರ ಇತ್ತು. ಸರಿಯಾಗಿ ತಿರುವ್ಲಿಲ್ಲ.”

ಅವ್ವ ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಒಂದು ಸಲ ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅವಳು ನೋಡಲಿಲ್ಲ, ನಾನು ಬಿಡಲಿಲ್ಲ.

ಅವತ್ತಿನಿಂದ ಅಜ್ಜಿ ಅವ್ವನ ಕೈಯ ಊಟ ಮುಟ್ಟಲಿಲ್ಲ. ತಿಥಿಗೆ ಬಂದವರೆದುರು, ಸೊಸೈಟಿ ಸಾಲಿನಲ್ಲಿ, ಹಾಲಿನ ಡೈರಿ ಮುಂದೆ, ಎಲ್ಲಿ ಕೂತರೂ ಒಂದೇ ಮಾತು. ಹೆಂಡತಿ ನೆಟ್ಟಗೆ ಊಟ ಇಕ್ಕಿದ್ದಿದ್ದರೆ ನನ್ನ ಮಗ ರಸ್ತೆ ದಾಟುತ್ತಿರಲಿಲ್ಲ. ಅಜ್ಜಿಗೆ ಸೌದೆ ಒಲೆ, ಅವ್ವನಿಗೆ ಗ್ಯಾಸ್ ಸ್ಟವ್. ಒಂದೇ ಅಡಿಗೆಮನೆ, ನಡುವೆ ನಾಲ್ಕು ಮೊಳ ಜಾಗ. ಅವ್ವ ಮತ್ತೆ ಎಂದೂ ಮುದ್ದೆ ಕೋಲು ಹಿಡಿಯಲಿಲ್ಲ. ಅನ್ನ ಮಾಡಿಕೊಂಡು ಉಣ್ಣುತ್ತಿದ್ದಳು, ಗೋಡೆಯ ಕಡೆ ತಿರುಗಿ. ನಾನು ಅಜ್ಜಿಯ ಮುದ್ದೆಯನ್ನು ಅವ್ವನ ಸಾರಿನಲ್ಲಿ ಅದ್ದಿಕೊಂಡು ಉಣ್ಣುತ್ತಿದ್ದೆ. ಇಬ್ಬರೂ ಅದಕ್ಕೆ ಅಡ್ಡಿ ಮಾಡಲಿಲ್ಲ. ಉಪ್ಪು ಕಮ್ಮಿಯೋ ಜಾಸ್ತಿಯೋ ಎಂದು ಅವ್ವ ಕೇಳಿದರೆ ಸರಿ ಇದೆ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆ ವರ್ಷಗಳಲ್ಲಿ ನನ್ನ ನಾಲಿಗೆಗೆ ಯಾವುದೂ ತಿಳಿಯುತ್ತಿರಲಿಲ್ಲ. ಹೊತ್ತಾಗಿದೆ ಎಂದು ಉಣ್ಣುತ್ತಿದ್ದೆ, ತಟ್ಟೆ ಖಾಲಿಯಾಯಿತು ಎಂದು ಏಳುತ್ತಿದ್ದೆ.

ಆರು ತಿಂಗಳಾದ ಮೇಲೆ ಅವ್ವ ಕೆಲಸಕ್ಕೆ ಸೇರಿದಳು, ಬಿಡದಿಯಲ್ಲೇ ಬೇರೊಂದು ಕಾರ್ಖಾನೆಯ ಕ್ಯಾಂಟೀನಿಗೆ. ಹುಳ ಬಿಟ್ಟೆವು. ನಡುಮನೆ ಖಾಲಿಯಾಗಿ, ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅವ್ವ ನೀಲಿ ಸೀರೆ ಉಟ್ಟು, ಕೂದಲು ಮುಚ್ಚುವ ಟೋಪಿಯನ್ನು ಚೀಲದಲ್ಲಿಟ್ಟುಕೊಂಡು ಬೆಳಗ್ಗೆ ಐದೂವರೆಗೆ ಹೊರಡುತ್ತಿದ್ದಳು. ಅದೇ ಕ್ರಾಸಿನಲ್ಲಿ ಬಸ್ಸು ಹತ್ತುತ್ತಿದ್ದಳು. ಅಲ್ಲಿ ನಿಂತಾಗ ಅವಳಿಗೆ ಏನನ್ನಿಸುತ್ತಿತ್ತು ಎಂದು ನಾನು ಕೇಳಲಿಲ್ಲ. ಮನೆಗೆ ಬಂದಾಗ ಅವಳ ಮೈಯೆಲ್ಲ ಗಂಜಿಯ ವಾಸನೆ.

ಇತ್ತ ಅಜ್ಜಿ ನನಗೆ ಮುದ್ದೆ ಕಲಿಸಲು ಶುರು ಮಾಡಿದಳು. ಶಾಲೆಯಿಂದ ಬಂದ ತಕ್ಷಣ ಕೈಕಾಲು ತೊಳೆಸಿ ಒಲೆ ಮುಂದೆ ಕೂರಿಸುತ್ತಿದ್ದಳು.

“ಈಗ ಮುಟ್ಬ್ಯಾಡ. ಕೋಲಿನ ಸುತ್ತ ಗುಳ್ಳೆ ಬತ್ತದೆ ನೋಡು, ಬಂತಾ? ಇನ್ನೂ ಒಸಿ ಬುಡು. ಬೆಂದಿರೋ ಹಿಟ್ಟು ಬಣ್ಣ ತಿರುಗ್ತದೆ. ಈಗ ಇಳಿಸು. ಕಾಲು ಗಟ್ಟಿಯಾಗಿ ಊರು. ಅಂಗಲ್ಲ, ಸೊಂಟದಿಂದ ತಿರುವು.”

ನನ್ನ ಹಿಂದೆ ಕೂತು ನನ್ನ ಕೈ ಮೇಲೆ ತನ್ನ ಕೈ ಇಟ್ಟು ತಿರುವುತ್ತಿದ್ದಳು. ಅವಳ ಕೈ ಒರಟು, ಬೆಚ್ಚಗಿತ್ತು. ಪ್ರತಿ ದಿನ ಕೊನೆಗೆ ಒಂದೇ ಮಾತು: “ಕಲ್ತ್ಕೊ. ನಿಮ್ಮವ್ವನಂಗೆ ಆಗ್ಬ್ಯಾಡ.” ನಾನು ಹೂಂ ಅನ್ನುತ್ತಿದ್ದೆ. ನಾಲ್ಕು ಮೊಳ ಆಚೆ ಅವ್ವ ಅಕ್ಕಿ ತೊಳೆಯುತ್ತಿರುತ್ತಿದ್ದಳು. ಆರೇ ತಿಂಗಳಲ್ಲಿ ನಾನು ಊರಿನ ಯಾವ ಹೆಂಗಸಿಗೂ ಕಮ್ಮಿಯಿಲ್ಲದಂತೆ ಮುದ್ದೆ ಕಟ್ಟತೊಡಗಿದೆ. ಗಂಟು ಅನ್ನುವುದು ಮತ್ತೆ ನನ್ನ ಕೈಯಲ್ಲಿ ಆಗಲೇ ಇಲ್ಲ. ಅದರಿಂದ ಸಂತೋಷವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಅಷ್ಟೆ.

ಒಮ್ಮೆ ಹೇಳಲು ನೋಡಿದೆ. ಏಳನೇ ಕ್ಲಾಸಿನಲ್ಲಿ ಇರಬೇಕು. ಅವ್ವನನ್ನು ಕರೆತರಲು ಕ್ರಾಸಿಗೆ ಹೋಗಿದ್ದೆ. ಇಬ್ಬರೂ ನಡೆದುಕೊಂಡು ಬರುತ್ತಿದ್ದೆವು.

“ಅವ್ವಾ, ಅವತ್ತು…”

“ನಾಳೆ ಗಣಿತದ ಪರೀಕ್ಷೆ ಐತಲ್ಲ, ಓದ್ಕಂಡ್ಯಾ?” ಎಂದಳು. ನಡಿಗೆ ನಿಧಾನ ಮಾಡಲಿಲ್ಲ. ಓದಿಕೊಂಡಿದ್ದೇನೆ ಎಂದೆ.

ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆ ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲನ್ನು ಎಳೆದು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಅಪ್ಪನ ಎಡೆಯ ಅಡಿಗೆಗೆ ಅವ್ವ ಕೈ ಹಾಕುವಂತಿರಲಿಲ್ಲ. ನಾಲ್ಕನೇ ವರ್ಷ ನಾನು ಹತ್ತನೇ ಕ್ಲಾಸು. ಅಜ್ಜಿಯ ಮಂಡಿ ನೋವು ಜಾಸ್ತಿಯಾಗಿತ್ತು, ಎಡೆಯ ಮುದ್ದೆಯನ್ನು ನನಗೇ ಒಪ್ಪಿಸಿದಳು. ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಮಾಂಸದ ಸಾರು, ವಡೆ, ಕಜ್ಜಾಯ, ಎಲೆಯ ನಡುವೆ ನಾನು ಕಟ್ಟಿದ ಮುದ್ದೆ. ಅಜ್ಜಿ ಅದರ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಆ ಹೊತ್ತಿಗೆ ಅವ್ವ ಶಿಫ್ಟು ಮುಗಿಸಿ ಬಂದು ಹೊಸಲಲ್ಲಿ ನಿಂತಿದ್ದಳು, ನೀಲಿ ಸೀರೆಯಲ್ಲೇ, ಚೀಲ ಹೆಗಲಲ್ಲೇ.

“ಹೆಂಡ್ತಿ ಕೈಲಿ ಆಗ್ದಿದ್ದು ಮಗಳ ಕೈಲಿ ಆಯ್ತು” ಎಂದಳು ಅಜ್ಜಿ ಎಲ್ಲರಿಗೂ ಕೇಳುವಂತೆ. “ಇವತ್ತಾರ ನೆಟ್ಟಗೆ ಉಣ್ತಾನೆ ನನ್ ಮಗ.”

ನಾನು ಹೇಳಬೇಕು ಎಂದು ಯೋಚಿಸಿರಲಿಲ್ಲ. ಧೈರ್ಯ ಬಂತು ಅಂತಲೂ ಅಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ಉತ್ತರ ಬರುವ ಹಾಗೆ ಬಾಯಿಂದ ಬಂತು.

“ಅಜ್ಜಿ, ಅವತ್ತು ತಿರುವಿದ್ದೂ ನಾನೇ.”

“ಯಾವತ್ತು?”

“ಅಪ್ಪ ಓದ ದಿನ. ಅವ್ವ ತ್ವಾಟದಾಗಿದ್ಲು. ಹಿಟ್ಟು ಹಾಕ್ಬ್ಯಾಡ ಅಂತ ಹೇಳಿ ಓಗಿದ್ಲು. ನಾನೇ ಹಾಕ್ದೆ. ಬೇಯೋಕ್ ಮುಂಚೆ ಇಳಿಸ್ದೆ.”

ಚಿಕ್ಕಪ್ಪ ಎದ್ದು ನಿಂತ. “ಏನ್ ಮಾತು ಮಗ ಇದು, ಎಡೆ ಮುಂದೆ” ಎಂದ. ಅಜ್ಜಿ ಅವನಿಗೆ ಕೈ ಸನ್ನೆಯಲ್ಲೇ ಸುಮ್ಮನಿರು ಎಂದಳು. ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡಿದಳು.

“ಹೌದೇನೇ ಜಯಾ?”

ನಾಲ್ಕು ವರ್ಷದಲ್ಲಿ ಅಜ್ಜಿ ಅವ್ವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವ್ವ ಚೀಲವನ್ನು ಮೊಳೆಗೆ ತಗುಲಿಸಿದಳು, ಸೆರಗು ಸರಿ ಮಾಡಿಕೊಂಡಳು.

“ಎಡೆ ಆರೋಯ್ತದೆ ಅತ್ತೆ. ಪೂಜೆ ಮಾಡಿ” ಎಂದಳು.

ಪೂಜೆ ಆಯಿತು. ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಆ ದಿನ ಅಜ್ಜಿ ಉಣ್ಣಲಿಲ್ಲ, ಮಂಡಿ ನೋವು ಎಂದು ಮಲಗಿದಳು. ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಅವ್ವ ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ಅದೂ ಆಗಲಿಲ್ಲ. ಮರುದಿನ ಅವಳು ಐದೂವರೆಗೆ ಎದ್ದು ಹೋದಳು. ಎರಡು ಒಲೆಯೂ ಹಾಗೇ ಉರಿದವು. ಅಜ್ಜಿ ಊರಲ್ಲಿ ಆ ಮಾತು ಆಡುವುದನ್ನು ಮಾತ್ರ ನಿಲ್ಲಿಸಿದಳು. ಡೈರಿ ಮುಂದೆ ಯಾರಾದರೂ ತೆಗೆದರೆ, “ಬುಡವ್ವ, ಅದೇನ್ ಯಾವಾಗ್ಲೂ” ಎಂದು ಎದ್ದು ಬರುತ್ತಿದ್ದಳು. ನನಗೆ ಭಾರ ಇಳಿಯಿತೇ ಎಂದು ಈಗ ಕೆಲವರು ಕೇಳುತ್ತಾರೆ. ಇಳಿಯಲಿಲ್ಲ. ಹೇಳುವುದಕ್ಕೆ ಮುಂಚೆ ಹೇಗಿದ್ದೆನೋ ಹೇಳಿದ ಮೇಲೂ ಹಾಗೇ ಇದ್ದೆ, ಮರಗಟ್ಟಿದ ಕಾಲನ್ನು ಊರಿ ನಡೆಯುವವರ ಹಾಗೆ.

ಅವರೆಕಾಯಿ ಕಾಲ ಬಂತು. ಸೊಗಡಿನ ಕಾಯಿ, ಮಂಕರಿ ತುಂಬ. ಒಂದು ಭಾನುವಾರ ಅವ್ವನಿಗೆ ರಜಾ. ಹಿತಕಿದ ಬೇಳೆ ಸಾರು ಮಾಡೋಣ ಎಂದು ಹಿಂದಿನ ದಿನವೇ ಕಾಳು ನೆನೆಹಾಕಿ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂತು ಒಂದೊಂದೇ ಕಾಳನ್ನು ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಹೊರಗೆ ಹಾರಿಸುತ್ತಿದ್ದಳು. ಒಬ್ಬಳೇ ಕೂತರೆ ಮಧ್ಯಾಹ್ನವಾದರೂ ಮುಗಿಯದ ಕೆಲಸ. ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಮಂಡಿ ಮೇಲೆ ಕೈ ಊರಿ, ಅಮ್ಮಾ ಎಂದು ಕೂತು, ಕಾಳಿನ ಬೋಗುಣಿಯನ್ನು ತನ್ನ ಕಡೆಗೂ ಒಂದಿಷ್ಟು ಎಳೆದುಕೊಂಡಳು. ನಾನು ಬಾಗಿಲ ಹಿಂದೆ ಕಸಬರಿಕೆ ಹಿಡಿದು ನಿಂತಿದ್ದೆ. ಇಬ್ಬರ ಬೆರಳ ನಡುವೆ ಕಾಳು ಪಿಚಕ್ ಪಿಚಕ್ ಎನ್ನುತ್ತಿದ್ದವು.

“ಅವತ್ತೇ ಹೇಳ್ಬೋದಿತ್ತಲ್ಲೇ ನೀನು” ಎಂದಳು ಅಜ್ಜಿ, ತಲೆ ಎತ್ತದೆ.

“ಹೇಳಿದ್ರೆ ಏನ್ ಮಾಡ್ತಿದ್ರಿ ಅತ್ತೆ?”

ಅಜ್ಜಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಕೈ ನಿಲ್ಲಿಸಿ.

“ನಿನ್ ಮಗ್ಳನ್ನ ಅಂತಿದ್ದೆ. ಸಾಯೋಗಂಟ ಅಂತಿದ್ದೆ.”

“ಅದ್ಕೇ” ಎಂದಳು ಅವ್ವ.

ಅಜ್ಜಿ ಮತ್ತೆ ಕಾಳು ಒತ್ತತೊಡಗಿದಳು. ಬೆರಳಿಗೆ ಹಿಡಿತವಿರಲಿಲ್ಲ. ಒಂದು ಬೇಳೆ ಚಿಮ್ಮಿ ಅಂಗಳಕ್ಕೆ ಹಾರಿತು, ಕೋಳಿಯೊಂದು ಓಡಿಬಂದು ನುಂಗಿತು. ಇನ್ನೊಂದೂ ಹಾಗೇ ಹಾರಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಅಲುಗುವುದು ಕಂಡಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ನಗ್ಬ್ಯಾಡ ಕಣೇ, ವಯ್ಸಾದ್ರೆ ನಿಂಗೂ ಇಂಗೇ ಆಯ್ತದೆ” ಎಂದಳು ಅಜ್ಜಿ. ಬಾಗಿಲ ಕಡೆ ನೋಡದೆಯೇ ನನ್ನನ್ನು ಕರೆದಳು. “ಏಯ್, ಅಲ್ಲೇನ್ ನಿಂತ್ಕಂಡಿದ್ದೀಯೆ ಕಳ್ಳಿ ಅಂಗೆ? ಬಾ ಇಲ್ಲಿ, ಇನ್ನೂ ಬೋಗುಣಿ ತುಂಬ ಐತೆ.”

ಕಸಬರಿಕೆ ಗೋಡೆಗೆ ಒರಗಿಸಿ ಹೊರಗೆ ಬಂದೆ. ಜಗಲಿಯಲ್ಲಿ ಅವರಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಇರಲಿಲ್ಲ. ಅವ್ವ ಆ ಕಡೆಗೆ ಒಸಿ ಸರಿದಳು. ಅಜ್ಜಿ ಮಂಡಿ ಎತ್ತಿಕೊಂಡು, ನೋವಿಗೆ ಹಲ್ಲು ಕಚ್ಚಿ, ಈ ಕಡೆಗೆ ಒಸಿ ಸರಿದಳು. ನಾನು ಕೂತೆ.